ಶಾಲೆಯ ಬೋರ್ಡು ಕನ್ನಡದಲ್ಲಿದ್ದರೆ ಸಾಲದು

ಬಾಗಲೂರು ಎಂದೊಡನೆ ನಮ್ಮ ಓದುಗರಲ್ಲಿ ಹಲವರಿಗೆ ಬೆಂಗಳೂರಿನ ವಿಮಾನ ನಿಲ್ದಾಣದ ಸಮೀಪದ ಊರು ನೆನಪಾಗಬಹುದು. ನಾವು ಇಲ್ಲಿ ಹೇಳಹೊರಟಿರುವುದು ಆ ಬಾಗಲೂರಿನ ಮಾತಲ್ಲ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ಮಾಲೂರಿನ ಕಡೆಗೆ ಹೋಗುವ ದಾರಿಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಾಗಿಯೇ ಇರುವ ಬಾಗಲೂರು ಇದು. ಹಿಂದೆ ಪಾಳೆಯಗಾರರ ಊರಾಗಿದ್ದ ಈ ಸೀಮೆಯಲ್ಲಿ ಇಂದಿಗೂ ಕನ್ನಡ, ತೆಲುಗು, ತಮಿಳು, ಉರ್ದು ಎಂಬ ನಾಲ್ಕು ನುಡಿಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಅಲ್ಲಿನ ಕನ್ನಡದ ಮನೆಯ ಮಗುವೊಂದು ಒಂದನೆಯ ತರಗತಿಗೆ ಸೇರಿದಾಗ ಅದಕ್ಕೆ ಸಿಗುವ ವಿದ್ಯೆ ಎಂಥದು ಎಂಬ ಪ್ರಶ್ನೆ ಕಾಸರಗೋಡಿನಲ್ಲಿ ಕುಳಿತ ನಮಗೆ ಏಕೆ ಬೇಕು ಎಂದು ಕೇಳುವವರು ಇರಬಹುದು. ಬೇಕು ಎಂಬುದೇ ನಮ್ಮ ಅಭಿಪ್ರಾಯ.

ಕಾಸರಗೋಡಿಗೂ ಹೊಸೂರು ಸೀಮೆಗೂ ಚರಿತ್ರೆಯಲ್ಲಿ ಒಂದೇ ಬಗೆಯ ಜಾತಕವಿದೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಎರಡೂ ಈಸ್ಟ್ ಇಂಡಿಯಾ ಕಂಪೆನಿಯ ವಶವಾದವು; ಒಂದು ಕೆನರಾ ಜಿಲ್ಲೆಯಲ್ಲಿ ಸೇರಿತು, ಇನ್ನೊಂದು ಸೇಲಂ ಜಿಲ್ಲೆಗೆ ಹೋಯಿತು. ಒಂದೂವರೆ ಶತಮಾನಕ್ಕೂ ಮಿಕ್ಕಿ ಎರಡೂ ಮದರಾಸಿನ ಆಡಳಿತದಲ್ಲಿದ್ದವು. ಎರಡೂ ಕಡೆಯ ಶಾಲೆಗಳು ಮದರಾಸಿನ ವಿದ್ಯಾಭ್ಯಾಸ ಇಲಾಖೆಯ ಕಾನೂನನ್ನೇ ಪಾಲಿಸಿದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಮುಂದೆ 1965ರಲ್ಲಿ ಅದು ಧರ್ಮಪುರಿ ಜಿಲ್ಲೆಗೆ ಸೇರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯ ಭಾಗವಾಯಿತು. ನಮಗಾದರೋ 1967ರಲ್ಲಿ ವರದಿಯೊಪ್ಪಿಸಿದ ಮಹಾಜನ ಆಯೋಗವೆಂಬ ಒಂದು ಆಸರೆಯ ಹೆಸರಿತ್ತು. ಸಭೆ, ಮೆರವಣಿಗೆ, ಪತ್ರಿಕೆ, ಸಮ್ಮೇಳನಗಳಿದ್ದವು. ಹೊಸೂರು ಸೀಮೆಯ ಕನ್ನಡಿಗರ ದನಿ ಅಷ್ಟು ಎತ್ತರದಲ್ಲಿ ಕೇಳಿಸಿದ್ದಿಲ್ಲ. ದನಿ ಸಣ್ಣದಾದ ಮಾತ್ರಕ್ಕೆ ನೋವು ಸಣ್ಣದೆಂದು ತಿಳಿಯಬೇಕಾಗಿಲ್ಲ.

ಭಾಷಾ ಅಲ್ಪಸಂಖ್ಯಾತರ ಶಾಲೆಯ ಪ್ರಶ್ನೆ ಬಂದಾಗಲೆಲ್ಲ ನಾವು ಸಂವಿಧಾನದ 350ಎ ವಿಧಿಯನ್ನು ಎತ್ತಿ ಹೇಳುತ್ತೇವೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ಈ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. ಅದಕ್ಕೂ ಮುಂಚೆ, 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನ ಒಂದು ಲೆಕ್ಕವನ್ನೇ ಇಟ್ಟಿತ್ತು: ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ನುಡಿಯಲ್ಲಿ ಕಲಿಸಲು ಅಧ್ಯಾಪಕನನ್ನು ಕೊಡಬೇಕು ಎಂದು. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. 'ಸಾಕಷ್ಟು ಸೌಕರ್ಯ' ಎಂಬ ಎರಡು ಶಬ್ದಗಳೇ ತೊಡಕಿನವು. ಒಂದು ಕಟ್ಟಡ, ಕನ್ನಡದಲ್ಲಿ ಬರೆದ ಒಂದು ಬೋರ್ಡು, ಹಾಜರಿ ಪುಸ್ತಕದಲ್ಲಿ ಒಂದಷ್ಟು ಹೆಸರು ಇದ್ದರೆ ಸೌಕರ್ಯ ಸಾಕಷ್ಟಾಯಿತೇ?

ಇದನ್ನು ಭಾವಾವೇಶದಿಂದಲ್ಲ, ಲೆಕ್ಕದಿಂದಲೇ ನೋಡೋಣ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯ ತನಕದ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಅಧ್ಯಾಪಕರು. ವರ್ಷಕ್ಕೆ 200 ಕೆಲಸದ ದಿನ, 800 ಗಂಟೆಯ ಪಾಠ. ತಮಿಳುನಾಡಿನ ಪ್ರಾಥಮಿಕ ಶಾಲೆಯಲ್ಲಿ ತರಗತಿಗಳು ಐದು. ಇಬ್ಬರು ಅಧ್ಯಾಪಕರ ಗಂಟೆಗಳನ್ನು ಕೂಡಿಸಿದರೆ 1600. ಅದನ್ನು ಐದು ತರಗತಿಗಳಿಗೆ ಹಂಚಿದರೆ ಒಂದೊಂದು ತರಗತಿಗೆ ನೇರವಾಗಿ ಸಿಗುವುದು 320 ಗಂಟೆ. ಉಳಿದ 480 ಗಂಟೆ ಮಕ್ಕಳು ಸ್ಲೇಟಿನ ಮೇಲೆ ತಿದ್ದುತ್ತಲೋ, ಪಕ್ಕದ ತರಗತಿಯ ಪಾಠಕ್ಕೆ ಕಿವಿಗೊಡುತ್ತಲೋ ಕಳೆಯಬೇಕು. ಇಬ್ಬರಲ್ಲಿ ಒಬ್ಬರ ಹುದ್ದೆ ಖಾಲಿಯಿದ್ದರೆ, ಅಥವಾ ಒಬ್ಬರಿಗೆ ಕನ್ನಡವೇ ಬಾರದಿದ್ದರೆ, ಕನ್ನಡದ ಪಾಲಿಗೆ ಆ 320 ಗಂಟೆ 160ಕ್ಕೆ ಇಳಿಯುತ್ತದೆ. ಅಂದರೆ ಮಗುವಿಗೆ ದಕ್ಕುವುದು ಕಾನೂನು ಹೇಳಿದ ಗಂಟೆಗಳಲ್ಲಿ ಐದನೆಯ ಒಂದು ಭಾಗ.

ಸಣ್ಣ ಶಾಲೆ ಯಾವ ಭಾಷೆಯದಾದರೂ ಈ ಕಷ್ಟ ತಪ್ಪಿದ್ದಲ್ಲ. ಆದರೆ ತಮಿಳು ಶಾಲೆಯಲ್ಲಿ ಒಬ್ಬ ಅಧ್ಯಾಪಕ ವರ್ಗವಾಗಿ ಹೋದರೆ ಪಕ್ಕದ ಊರಿನಿಂದ ಇನ್ನೊಬ್ಬರನ್ನು ತಾತ್ಕಾಲಿಕವಾಗಿ ಕಳಿಸಬಹುದು. ಕನ್ನಡ ಶಾಲೆಯಲ್ಲಿ ಹಾಗೆ ಸುಲಭವಾಗಿ ಆಗುವುದಿಲ್ಲ. ಕನ್ನಡ ಬಲ್ಲ, ತರಬೇತಿ ಪಡೆದ, ಅರ್ಹತಾ ಪರೀಕ್ಷೆ ಪಾಸಾದ, ಆ ರಾಜ್ಯದ ನೇಮಕಾತಿಯ ಪಟ್ಟಿಯಲ್ಲಿ ಬಂದ ವ್ಯಕ್ತಿಯೇ ಬೇಕು. ಅಂಥವರು ತಯಾರಾಗಬೇಕಾದರೆ ಕನ್ನಡದಲ್ಲಿ ಪ್ರೌಢಶಾಲೆ ಓದಿದ ತಲೆಮಾರು ಇರಬೇಕು. ಪ್ರಾಥಮಿಕ ಶಾಲೆ ಸೊರಗಿದರೆ ಪ್ರೌಢಶಾಲೆಗೆ ಮಕ್ಕಳಿಲ್ಲ. ಪ್ರೌಢಶಾಲೆಗೆ ಮಕ್ಕಳಿಲ್ಲದಿದ್ದರೆ ನಾಳೆಗೆ ಅಧ್ಯಾಪಕರಿಲ್ಲ. ಅಧ್ಯಾಪಕರಿಲ್ಲದಿದ್ದರೆ ಪ್ರಾಥಮಿಕ ಶಾಲೆ ಮತ್ತೂ ಸೊರಗುತ್ತದೆ. ಗಾಣದೆತ್ತು ಸುತ್ತಿದ ಹಾಗೆ ಸುತ್ತುವ ಈ ಚಕ್ರವನ್ನು ಎಲ್ಲಾದರೊಂದು ಕಡೆ ತಡೆಯಲೇಬೇಕು.

ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನ ಸರಕಾರಿ ಶಾಲೆಯಲ್ಲೇ ಓದಿದ ಸಿ. ರಾಜಗೋಪಾಲಾಚಾರಿಯವರನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಅವರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಗ್ರಾಮಾಂತರದ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲೆಂಬ ಯೋಜನೆಯನ್ನು ತಂದರು. ಬಡವರ ಮಕ್ಕಳ ವಿದ್ಯೆಯನ್ನು ಅರ್ಧಕ್ಕೆ ಕತ್ತರಿಸುವ ಯೋಜನೆಯೆಂದು ರಾಜ್ಯವೇ ಸಿಡಿದೆದ್ದಿತು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಹಿಂತೆಗೆದುಕೊಂಡರು. ಆಗ ಕಾಸರಗೋಡೂ ಅದೇ ರಾಜ್ಯದಲ್ಲಿತ್ತು. ಯಾರೂ ಆಜ್ಞೆ ಹೊರಡಿಸದೆ, ಯಾರೂ ಘೋಷಣೆ ಕೂಗದೆ, ಕೇವಲ ಖಾಲಿ ಹುದ್ದೆಯೊಂದರ ದೆಸೆಯಿಂದ ಇಂದು ಗಡಿಯ ಮಗುವಿನ ಪಾಠ ಅರ್ಧಕ್ಕಿಂತಲೂ ಕಡಿಮೆಯಾಗುತ್ತಿದ್ದರೆ ಅದಕ್ಕೆ ಸಿಡಿದೇಳುವವರು ಯಾರು?

ಇನ್ನು ರಾಜ್ಯಭಾಷೆಯ ಕಲಿಕೆಯ ವಿಚಾರ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯಿದೆಯನ್ನು ತಂದಿತು. ಅದರಂತೆ 2006-07ರಿಂದ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಮೊದಲ ಭಾಗ ತಮಿಳು, ಎರಡನೆಯ ಭಾಗ ಇಂಗ್ಲಿಷ್, ಮೂರನೆಯದು ಇತರ ವಿಷಯಗಳು. ಮಗುವಿನ ಮಾತೃಭಾಷೆ ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಯಿತು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯ ಬಾಗಿಲಿಗೆ ಬಂದಾಗ, ಹಲವು ಅಲ್ಪಸಂಖ್ಯಾತ ಶಾಲೆಗಳಲ್ಲಿ ತಮಿಳು ಕಲಿಸಲು ಅಧ್ಯಾಪಕರನ್ನೇ ಕೊಟ್ಟಿರಲಿಲ್ಲವೆಂಬುದು ಬಯಲಾಯಿತು. ವಿಷಯ ಮದರಾಸು ಹೈಕೋರ್ಟಿಗೆ ಹೋಯಿತು. ಮಕ್ಕಳಿಗೆ ವಿನಾಯಿತಿ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಆ ವರ್ಷದ ಪರೀಕ್ಷೆಗೆ ವಿನಾಯಿತಿಯನ್ನು ಮುಂದುವರಿಸಬೇಕಾಯಿತು. ಕೇರಳದಲ್ಲಿ 2017ರ ಮಲಯಾಳ ಕಲಿಕೆಯ ಕಾಯಿದೆ ಬಂದಾಗ ಕಾಸರಗೋಡಿನಲ್ಲಿ ಎದ್ದ ಕೋಲಾಹಲವನ್ನು ನಮ್ಮ ಓದುಗರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಬಾಗಲೂರಿನ ಮಗು ತಮಿಳು ಕಲಿಯಬಾರದೆಂದು ನಾವು ಹೇಳುವುದಿಲ್ಲ. ಆಸ್ಪತ್ರೆ, ತಾಲೂಕು ಕಚೇರಿ, ಪೊಲೀಸ್ ಠಾಣೆ, ಬಸ್ಸು, ಕಾರ್ಖಾನೆ ಎಲ್ಲವೂ ತಮಿಳಿನಲ್ಲೇ ನಡೆಯುವ ನಾಡಿನಲ್ಲಿ ತಮಿಳು ಬಾರದ ಪ್ರಜೆ ಅರ್ಧ ಪ್ರಜೆಯಾದಾನು. ಕಾಸರಗೋಡಿನ ಮಗುವಿಗೆ ಮಲಯಾಳದ ವಿಷಯದಲ್ಲೂ ಇದೇ ಮಾತು. ನಾವು ಕೇಳುವುದು ಎರಡೇ: ಕಲಿಸುವ ಕ್ರಮ ಸರಿಯಿರಲಿ, ಕಲಿಸುವವರು ಇರಲಿ. ಅಧ್ಯಾಪಕರನ್ನು ಕೊಡದೆ ಪರೀಕ್ಷೆಯನ್ನು ಮಾತ್ರ ಕೊಡುವ ಸರಕಾರಕ್ಕೆ ಕಡ್ಡಾಯವೆಂಬ ಶಬ್ದವನ್ನು ಉಚ್ಚರಿಸುವ ನೈತಿಕ ಅಧಿಕಾರವಿಲ್ಲ.

ಕಲಿಸುವ ಕ್ರಮದ ಬಗ್ಗೆ ಒಂದು ಸಣ್ಣ ಉದಾಹರಣೆ ಕೊಡುತ್ತೇವೆ. ಕನ್ನಡದಲ್ಲಿ ಕ, ಖ, ಗ, ಘ ಎಂಬ ನಾಲ್ಕು ಧ್ವನಿಗಳಿಗೆ ನಾಲ್ಕು ಅಕ್ಷರ. ತಮಿಳಿನಲ್ಲಿ ಒಂದೇ ಅಕ್ಷರ. ಅದು ಬರುವ ಸ್ಥಾನವನ್ನನುಸರಿಸಿ ಒಮ್ಮೆ ಕ ಎಂದೂ ಒಮ್ಮೆ ಗ ಎಂದೂ ಓದಬೇಕು. ಆರು ವರ್ಷದ ಮಗುವಿನ ಮುಂದೆ ಒಂದೇ ಜೂನ್ ತಿಂಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ಇಟ್ಟು, ಇದು ಹೀಗೇಕೆ ಅದು ಹಾಗೇಕೆ ಎಂದು ಅದರ ನುಡಿಯಲ್ಲೇ ಬಿಡಿಸಿ ಹೇಳುವವರು ಇಲ್ಲದೆ ಹೋದರೆ, ಮಗು ಮೂರನ್ನೂ ಚಿತ್ರ ನಕಲು ಮಾಡಿದಂತೆ ನಕಲು ಮಾಡುತ್ತದೆ, ಒಂದನ್ನೂ ಓದುವುದಿಲ್ಲ. ಎರಡೂ ಭಾಷೆ ಬಲ್ಲ ಅಧ್ಯಾಪಕಿಯೊಬ್ಬರು ಇದ್ದರೆ ಇದೇ ಸಂಗತಿ ಆಟವಾಗುತ್ತದೆ. ಮೊದಲು ತನ್ನ ನುಡಿಯಲ್ಲಿ ಅಕ್ಷರಕ್ಕೂ ಶಬ್ದಕ್ಕೂ ಇರುವ ನಂಟನ್ನು ಹಿಡಿದ ಮಗು ಎರಡನೆಯ ಲಿಪಿಯನ್ನು ಬೇಗನೆ ಹಿಡಿಯುತ್ತದೆ. ಆದ್ದರಿಂದ ಕನ್ನಡದ ಗಟ್ಟಿ ಅಡಿಪಾಯ ತಮಿಳಿಗೆ ಶತ್ರುವಲ್ಲ, ಸಹಾಯಕ. ತಮಿಳುನಾಡಿನ ಅಧಿಕಾರಿಗಳು ತಮ್ಮ ಭಾಷೆಯ ಹಿತಕ್ಕಾಗಿಯಾದರೂ ಕನ್ನಡ ಅಧ್ಯಾಪಕರನ್ನು ಉಳಿಸಿಕೊಳ್ಳಬೇಕೆಂಬುದು ನಮ್ಮ ವಾದ.

ಪಠ್ಯಪುಸ್ತಕದ ಸಂಗತಿಯೂ ಇದಕ್ಕೆ ಹೊಂದಿಕೊಂಡಿದೆ. ತಮಿಳುನಾಡು ಪಠ್ಯಪುಸ್ತಕ ಸಂಸ್ಥೆ ಕನ್ನಡದಲ್ಲೂ ಪುಸ್ತಕಗಳನ್ನು ಹೊರತರುತ್ತದೆ, ಇದಕ್ಕೆ ಕೃತಜ್ಞರಾಗಿರೋಣ. ಆದರೆ ಗಣಿತ, ವಿಜ್ಞಾನಗಳ ಪುಸ್ತಕ ಬೇರೆ ಭಾಷೆಯಲ್ಲಿ ಸಿದ್ಧವಾಗಿ ಆಮೇಲೆ ಕನ್ನಡಕ್ಕೆ ಬರುವಾಗ, ಅನುವಾದ ಮಾಡುವವರು ಮಗುವಿನ ಬಾಯಿಯ ಮಾತನ್ನು ಮರೆತರೆ ಪುಸ್ತಕ ಕನ್ನಡ ಲಿಪಿಯಲ್ಲಿದ್ದೂ ಪರಭಾಷೆಯಾಗುತ್ತದೆ. ಕೇರಳದ ಕನ್ನಡ ಪುಸ್ತಕಗಳ ಬಗ್ಗೆ ಕಾಸರಗೋಡಿನ ಅಧ್ಯಾಪಕರು ವರ್ಷಾನುಗಟ್ಟಲೆ ಆಡಿಕೊಂಡು ಬಂದ ಮಾತೂ ಇದೇ. ಎರಡು ಜಿಲ್ಲೆಗಳ ಅಧ್ಯಾಪಕರು ಒಟ್ಟಿಗೆ ಕುಳಿತು ಈ ಪುಸ್ತಕಗಳನ್ನು ಓದಿ ತಿದ್ದುಪಡಿ ಸೂಚಿಸಿದರೆ ಎರಡೂ ಕಡೆಯ ಮಕ್ಕಳಿಗೆ ಲಾಭ.

ಶಾಲೆಯೆಂದರೆ ಪಾಠ ಮಾತ್ರವಲ್ಲ. ಮಗುವಿನ ದಿನವೇ ಅಲ್ಲಿ ಕಳೆಯುತ್ತದೆ. ಈ ವಿಷಯದಲ್ಲಿ ತಮಿಳುನಾಡನ್ನು ಮೆಚ್ಚಬೇಕಾದ ಕಾರಣಗಳಿವೆ. ಕಾಮರಾಜರ ಕಾಲದಲ್ಲಿ 1956ರಲ್ಲಿ ಬೇರುಬಿಟ್ಟ ಮಧ್ಯಾಹ್ನದ ಊಟದ ಪದ್ಧತಿಯನ್ನು 1982ರಲ್ಲಿ ಎಂ.ಜಿ. ರಾಮಚಂದ್ರನ್ ಪೌಷ್ಟಿಕ ಆಹಾರದ ಯೋಜನೆಯಾಗಿ ವಿಸ್ತರಿಸಿದರು. 2022ರ ಸೆಪ್ಟೆಂಬರಿನಲ್ಲಿ ಬೆಳಗ್ಗಿನ ಉಪಾಹಾರವೂ ಆರಂಭವಾಗಿ, 2023ರ ಆಗಸ್ಟಿನಲ್ಲಿ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಬಾಗಲೂರು ಸುತ್ತಿನ ನೆಲ ಗುಲಾಬಿ, ಟೊಮೇಟೊ, ಎಲೆಕೋಸು ಬೆಳೆಯುವ ನೆಲ. ಹೂವಿನ ಕೊಯ್ಲಿಗೆ ಬೆಳಕು ಹರಿಯುವ ಮುಂಚೆಯೇ ಹೊರಡುವ ತಾಯಿಗೆ, ಶಿಫ್ಟಿನ ಕೆಲಸಕ್ಕೆ ಹೊಸೂರಿನ ಕಾರ್ಖಾನೆಗೆ ಓಡುವ ತಂದೆಗೆ, ಮಗು ಶಾಲೆಯಲ್ಲಿ ಬಿಸಿ ತಿಂಡಿ ತಿನ್ನುತ್ತದೆಂಬುದು ಸಣ್ಣ ನೆಮ್ಮದಿಯಲ್ಲ. ಹಸಿವಿಗೆ ಭಾಷೆಯ ಭೇದವಿಲ್ಲವೆಂಬುದನ್ನು ಆ ಸರಕಾರ ತೋರಿಸಿದೆ. ತಟ್ಟೆಯಲ್ಲಿ ತೋರಿದ ಈ ಸಮಭಾವವನ್ನು ಸ್ಲೇಟಿನಲ್ಲಿಯೂ ತೋರಬೇಕೆಂದಷ್ಟೇ ನಾವು ಕೇಳುವುದು.

ಆದರೆ ಮಗುವಿನ ಮನಸ್ಸಿಗೆ ಇನ್ನೊಂದು ಹಸಿವಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ತನ್ನ ನುಡಿಯಲ್ಲಿ ಒಂದು ಹಾಡು, ಒಂದು ನಾಟಕ. ಓದಲು ನಾಲ್ಕು ಕತೆಯ ಪುಸ್ತಕ. ತಾಲೂಕು ಮಟ್ಟದ ಸ್ಪರ್ಧೆಯಲ್ಲಿ ಕನ್ನಡಕ್ಕೂ ಒಂದು ಸ್ಥಾನ. ಇವು ಇಲ್ಲದಲ್ಲಿ ಮಗು ತನ್ನ ನುಡಿ ಮನೆಯ ಅಡಿಗೆಕೋಣೆಗೆ ಮಾತ್ರ ಸಲ್ಲುವಂಥದು, ನಾಲ್ಕು ಜನರೆದುರು ಆಡಬಾರದ್ದು ಎಂದು ತಿಳಿಯುತ್ತದೆ. ಕಾಸರಗೋಡಿನ ಮಕ್ಕಳಿಗೆ ಶಾಲಾ ಕಲೋತ್ಸವಗಳಲ್ಲಿ ಯಕ್ಷಗಾನವೆಂಬ ಒಂದು ಭಾಗ್ಯವಿದೆ. ಬಾಗಲೂರಿನ ಮಕ್ಕಳಿಗೂ ಅಂಥದೊಂದು ಜಗಲಿ ಬೇಕು.

ಹೆತ್ತವರ ಮನಸ್ಸನ್ನೂ ಅರಿಯದೆ ನಾವು ಮಾತಾಡಬಾರದು. 1970ರ ದಶಕದಿಂದೀಚೆಗೆ ಹೊಸೂರು ದೊಡ್ಡ ಕೈಗಾರಿಕಾ ನಗರವಾಗಿ ಬೆಳೆದಿದೆ. ಕಾರ್ಖಾನೆಯ ಗೇಟಿನ ಒಳಗೆ ಇಂಗ್ಲಿಷ್, ಹೊರಗೆ ತಮಿಳು. ಗಡಿ ದಾಟಿದರೆ ಬೆಂಗಳೂರು. ತಮಿಳುನಾಡಿನ ಸರಕಾರಿ ಶಾಲೆಗಳಲ್ಲೇ 2012-13ರಿಂದ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆಯತೊಡಗಿದವು. ಸುಪ್ರೀಂ ಕೋರ್ಟು 2014ರ ಮೇ 6ರಂದು, ಕರ್ನಾಟಕ ಸರಕಾರದ ಮೊಕದ್ದಮೆಯಲ್ಲೇ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಿತು. ಇಂಥ ಕಾಲದಲ್ಲಿ ಕನ್ನಡ ಶಾಲೆಗೆ ಮಗುವನ್ನು ಕಳಿಸಿರೆಂದು ಕೂಲಿ ಮಾಡುವ ತಂದೆಗೆ ಉಪದೇಶ ಮಾಡುವುದು ಸುಲಭ. ಉಪದೇಶ ಮಾಡುವವರ ಮಕ್ಕಳು ಎಲ್ಲಿ ಓದುತ್ತಾರೆಂದು ಅವನು ಕೇಳಿದರೆ ಉತ್ತರ ಕಷ್ಟ. ಅಭಿಮಾನದ ಸಾಲವನ್ನು ಬಡವನ ಮಗುವಿನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಕನ್ನಡ ಶಾಲೆಯಲ್ಲಿ ಕಲಿತರೆ ಮಗು ಚೆನ್ನಾಗಿ ಓದುತ್ತದೆ, ಲೆಕ್ಕ ಮಾಡುತ್ತದೆ, ತಮಿಳನ್ನೂ ಇಂಗ್ಲಿಷನ್ನೂ ಹೆದರದೆ ಆಡುತ್ತದೆ ಎಂಬುದು ಕಣ್ಣಿಗೆ ಕಂಡರೆ, ಯಾರೂ ಕರೆಯದೆಯೇ ಹೆತ್ತವರು ಬರುತ್ತಾರೆ. ಕಾಣದಿದ್ದರೆ ಎಷ್ಟು ಕರೆದರೂ ಬಾರರು.

ಐದನೆಯ ತರಗತಿಯ ಆಚೆ ಏನೆಂಬ ಪ್ರಶ್ನೆಯೂ ಅವರನ್ನು ಕಾಡುತ್ತದೆ. ನಮ್ಮಲ್ಲಿ ನಾಲ್ಕನೆಯ ತರಗತಿ ಮುಗಿಸಿದ ಮಗುವಿಗೆ ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರಡಾಲ, ನೀರ್ಚಾಲು ಎಂದು ಬೆರಳು ಮಡಚಿ ಎಣಿಸಬಹುದಾದ ಕಡೆಗಳಲ್ಲೆಲ್ಲ ಹಿರಿಯರು ಶಾಲೆ ಕಟ್ಟಿದರು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಹಳ್ಳಿಯ ಶಾಲೆಯ ಅಧ್ಯಾಪಕರಾಗಿದ್ದುಕೊಂಡೇ ಒಂದು ನಾಡಿನ ದನಿಯಾದರು. ಹೊಸೂರು ಸೀಮೆಯ ಮಗುವಿಗೆ ಮೇಲಿನ ತರಗತಿಗಳ ಕನ್ನಡದ ದಾರಿ ಇಷ್ಟು ಹತ್ತಿರದಲ್ಲಿಲ್ಲ. ಏಣಿಯ ಮೊದಲ ಮೆಟ್ಟಿಲನ್ನು ಮಾತ್ರ ಕೊಟ್ಟು ಹತ್ತು ಎಂದರೆ ಮಗು ಎಲ್ಲಿಗೆ ಹತ್ತೀತು?

ಹಾಗೆಂದು ಕಾಸರಗೋಡು ನಿಶ್ಚಿಂತೆಯಿಂದಿದೆ ಎಂದಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ ಪ್ರಸಂಗಗಳೂ, ಅದರ ವಿರುದ್ಧ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದೂ ನಮ್ಮ ಕಣ್ಣೆದುರಿನದು. 2018ರಲ್ಲಿ ತೆರೆಗೆ ಬಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಲನಚಿತ್ರ ಈ ಸಂಕಟವನ್ನೇ ನಗುನಗುತ್ತ ಹೇಳಿ, ಮಕ್ಕಳ ಚಿತ್ರಕ್ಕಿರುವ ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ಚಿತ್ರ ನೋಡಿ ಚಪ್ಪಾಳೆ ತಟ್ಟಿದ ಕರ್ನಾಟಕದ ಮಂದಿಗೆ ಬಾಗಲೂರು ಎಲ್ಲಿದೆಯೆಂದು ತಿಳಿದಿದೆಯೇ ಎಂಬ ಸಂಶಯ ನಮಗಿದೆ.

ಮಾಡಬೇಕಾದುದೇನು? ನಮ್ಮ ಸೂಚನೆಗಳು ನಾಲ್ಕು.

ಒಂದು, ಕನ್ನಡ ಶಾಲೆಯ ಅಧ್ಯಾಪಕರ ಹುದ್ದೆಯನ್ನು ಮಕ್ಕಳ ತಲೆ ಎಣಿಸಿ ಮಾತ್ರ ಕೊಡುವ ಪದ್ಧತಿ ಸಲ್ಲದು. ಕಾಯಿದೆ ಹೇಳುವ ಇಬ್ಬರು ಕನಿಷ್ಠ ಪ್ರಮಾಣ. ಸರಕಾರ ಮನಸ್ಸು ಮಾಡಿದರೆ ಅದಕ್ಕಿಂತ ಹೆಚ್ಚು ಕೊಡಲು ಯಾವ ಕಾನೂನೂ ಅಡ್ಡಬಾರದು. ತಮಿಳು ಕಲಿಸುವವರ ಹುದ್ದೆ ಆ ಇಬ್ಬರ ಮೇಲಿನದಾಗಿರಬೇಕು, ಅವರಲ್ಲಿ ಒಬ್ಬರ ಬದಲಿಗೆ ಅಲ್ಲ.

ಎರಡು, ಶಿಕ್ಷಣ ಹಕ್ಕು ಕಾಯಿದೆಯಂತೆ ಪ್ರತಿ ಸರಕಾರಿ ಶಾಲೆಗೂ ನಿರ್ವಹಣಾ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರು, ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವ ಅಧಿಕಾರ ಈ ಸಮಿತಿಯದು. ಖಾಲಿ ಹುದ್ದೆ, ಬಾರದ ಪುಸ್ತಕ, ಸೋರುವ ಮಾಡು ಎಲ್ಲವನ್ನೂ ಆ ಯೋಜನೆಯಲ್ಲಿ ಬರೆದು, ಸಹಿ ಹಾಕಿ, ತಾರೀಕು ನಮೂದಿಸಿ ಕಳಿಸಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದದ್ದು ಕಡತದಲ್ಲಿ ಕುಳಿತು ಉತ್ತರ ಕೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆ 350ಬಿ ವಿಧಿಯಂತೆ 1957ರಿಂದಲೂ ಇದೆ. ಆ ಕಚೇರಿಗೆ ಆಜ್ಞೆ ಮಾಡುವ ಬಲವಿಲ್ಲ, ವರದಿ ಮಾಡುವ ಬಲವುಂಟು. ಅಂಕಿ ಸಹಿತವಾದ ಅಹವಾಲು ಹೋಗದಿದ್ದರೆ ವರದಿಯಲ್ಲಿ ಬಾಗಲೂರು ಎಂಬ ಹೆಸರು ಬರುವುದಾದರೂ ಹೇಗೆ?

ಮೂರು, ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು ಸಭಾಭವನಕ್ಕೂ ಉತ್ಸವಕ್ಕೂ ಕೊಡುವ ಹಣದಲ್ಲಿ ಒಂದು ಪಾಲನ್ನು ಮಕ್ಕಳ ಪುಸ್ತಕ ಭಂಡಾರಕ್ಕೂ, ಅಧ್ಯಾಪಕ ತರಬೇತಿಗೆ ಸೇರುವ ಗಡಿನಾಡ ಯುವಕ ಯುವತಿಯರ ವಿದ್ಯಾರ್ಥಿವೇತನಕ್ಕೂ ಮೀಸಲಿಡಲಿ. ರಾಜ್ಯೋತ್ಸವದ ದಿನ ಹಾರ ಹಾಕಿಸಿಕೊಳ್ಳಲು ಗಡಿಗೆ ಬರುವ ಗಣ್ಯರು ಶಾಲೆಯ ಒಳಹೊಕ್ಕು ಮೂರನೆಯ ತರಗತಿಯ ಮಗುವೊಂದರಿಂದ ಒಂದು ಪುಟ ಓದಿಸಿ ಹೋಗಲಿ. ಅವರಿಗೆ ತಿಳಿಯಬೇಕಾದುದೆಲ್ಲ ಆ ಒಂದು ಪುಟದಲ್ಲಿ ತಿಳಿಯುತ್ತದೆ.

ನಾಲ್ಕು, ಕಾಸರಗೋಡು, ಹೊಸೂರು, ತಾಳವಾಡಿ ಎಂದು ಹಂಚಿಹೋದ ಕನ್ನಡ ಶಾಲೆಗಳ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲಿ. ಒಬ್ಬ ಅಧ್ಯಾಪಕಿ ಐದು ತರಗತಿಗಳನ್ನು ಹೇಗೆ ನಡೆಸುತ್ತಾರೆ, ಎರಡನೆಯ ಲಿಪಿಯನ್ನು ಯಾವಾಗ ತರುತ್ತಾರೆ, ಮನೆಯಲ್ಲಿ ತುಳುವನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡದಲ್ಲಿ ಹೇಗೆ ಹೇಳಿಕೊಡುತ್ತಾರೆ ಎಂಬ ಅನುಭವ ಅವರೊಳಗೆ ವಿನಿಮಯವಾಗಲಿ. ಕಾಸರಗೋಡಿನ ನಿವೃತ್ತ ಅಧ್ಯಾಪಕರಲ್ಲಿ ಇಂಥ ಅನುಭವದ ಭಂಡಾರವೇ ಇದೆ. ಅದು ಮಣ್ಣುಪಾಲಾಗುವ ಮುಂಚೆ ಬಾಗಲೂರಿನ ತನಕ ತಲುಪಲಿ.

ನಾವು ಕಾಸರಗೋಡಿನಲ್ಲಿ ಭಾಷೆಗಾಗಿ ಹೋರಾಡಿದವರು, ಹೋರಾಡುತ್ತಿರುವವರು. ಆದರೆ ಆರು ವರ್ಷದ ಮಗು ಯಾವ ಹೋರಾಟದ ಸೈನಿಕನೂ ಅಲ್ಲ. ಅದು ಓದು ಕಲಿಯಲು ಬಂದಿದೆ. ಅದಕ್ಕೆ ಓದು ಕಲಿಸದ ಕನ್ನಡ ಶಾಲೆ ಮಗುವಿಗೂ ದ್ರೋಹ ಮಾಡುತ್ತದೆ, ಕನ್ನಡಕ್ಕೂ ದ್ರೋಹ ಮಾಡುತ್ತದೆ. ಚೆನ್ನಾಗಿ ಕಲಿಸುವ ಒಂದು ಪುಟ್ಟ ಶಾಲೆ ಬಾಗಲೂರಿನಂಥ ಊರಿನಲ್ಲಿ ನಿಂತರೆ, ನಾವು ಕಳಿಸುವ ನೂರು ಮನವಿಗಳಿಗಿಂತ ಅದರ ಸಾಕ್ಷ್ಯ ದೊಡ್ಡದು. ಆ ಸಾಕ್ಷ್ಯವನ್ನು ಒದಗಿಸುವ ಹೊಣೆ ಸರಕಾರದ್ದು ಎಷ್ಟೋ, ಕನ್ನಡಿಗರಾದ ನಮ್ಮದೂ ಅಷ್ಟೇ.